ವಿಲ್ಯಾನ್

ವಿಲ್ಯಾನ್ ಅಥವಾ ವರ್ಚುವಲ್ ಲ್ಯಾನ್ ಎಂಬುದು ಒಂದೇ ಭೌತಿಕ ಗಣಕ ಜಾಲವನ್ನು ತಾರ್ಕಿಕವಾಗಿ ಹಲವು ಪ್ರತ್ಯೇಕ ಸ್ಥಳೀಯ ಜಾಲಗಳನ್ನಾಗಿ ವಿಭಾಗಿಸುವ ತಂತ್ರ. ಒಂದೇ ಸ್ವಿಚ್‌ಗೆ ಜೋಡಿಸಿದ ಗಣಕಗಳು ಬೇರೆ ಬೇರೆ ವಿಲ್ಯಾನ್‌ಗಳಿಗೆ ಸೇರಿದ್ದರೆ ಅವು ಪರಸ್ಪರ ನೇರವಾಗಿ ಸಂವಹಿಸಲಾರವು. ಬೇರೆ ಬೇರೆ ಕಟ್ಟಡಗಳ ಸ್ವಿಚ್‌ಗಳಿಗೆ ಜೋಡಿಸಿದ ಗಣಕಗಳು ಒಂದೇ ವಿಲ್ಯಾನ್‌ಗೆ ಸೇರಿದ್ದರೆ ಒಂದೇ ಜಾಲದಲ್ಲಿರುವಂತೆ ವರ್ತಿಸುತ್ತವೆ. ಈ ವಿಭಜನೆಯು ಓಎಸ್‌ಐ ಮಾದರಿಯ ಎರಡನೆಯ ಪದರದಲ್ಲಿ, ಅಂದರೆ ಡೇಟಾ ಲಿಂಕ್ ಪದರದಲ್ಲಿ ನಡೆಯುತ್ತದೆ.

ವಿಲ್ಯಾನ್‌ಗಳ ಪ್ರಚಲಿತ ಮಾನಕ ಐಇಇಇ 802.1ಕ್ಯೂ. ಇದರ ಮೊದಲ ಆವೃತ್ತಿ 1998ರಲ್ಲಿ ಪ್ರಕಟವಾಯಿತು. ಕಚೇರಿ, ಕಾಲೇಜು, ಆಸ್ಪತ್ರೆಗಳ ಆಂತರಿಕ ಜಾಲಗಳಿಂದ ಹಿಡಿದು ಮನೆಗಳಿಗೆ ಬರುವ ಫೈಬರ್ ಸಂಪರ್ಕದವರೆಗೆ ಈ ತಂತ್ರ ಬಳಕೆಯಲ್ಲಿದೆ.

## ಹಿನ್ನೆಲೆ

ಈಥರ್ನೆಟ್ ಜಾಲದಲ್ಲಿ ಕೆಲವು ಸಂದೇಶಗಳು ಎಲ್ಲ ಗಣಕಗಳನ್ನೂ ತಲುಪಬೇಕಾಗುತ್ತದೆ. ಒಂದು ಐಪಿ ವಿಳಾಸ ಯಾವ ಯಂತ್ರದ್ದೆಂದು ವಿಚಾರಿಸುವ ಎಆರ್‌ಪಿ ಕೋರಿಕೆ, ಹೊಸದಾಗಿ ಚಾಲನೆಗೊಂಡ ಗಣಕವು ತನಗೊಂದು ವಿಳಾಸ ಬೇಕೆಂದು ಕಳುಹಿಸುವ ಡಿಎಚ್‌ಸಿಪಿ ಕೋರಿಕೆ ಇಂಥವು. ಇವುಗಳಿಗೆ ಬ್ರಾಡ್‌ಕಾಸ್ಟ್ ಎಂದೂ, ಇವು ತಲುಪುವ ವ್ಯಾಪ್ತಿಗೆ ಬ್ರಾಡ್‌ಕಾಸ್ಟ್ ವಲಯ ಎಂದೂ ಹೆಸರು. ಸಾಮಾನ್ಯ ಸ್ವಿಚ್ ಒಂದು ಪೋರ್ಟ್‌ನಿಂದ ಬಂದ ಬ್ರಾಡ್‌ಕಾಸ್ಟ್ ಫ್ರೇಮನ್ನು ಉಳಿದೆಲ್ಲ ಪೋರ್ಟ್‌ಗಳಿಗೂ ಕಳುಹಿಸುತ್ತದೆ. ಜಾಲ ಬೆಳೆದಂತೆ ಈ ಸಂದೇಶಗಳ ಹೊರೆ ಹೆಚ್ಚುತ್ತದೆ. ಅದಕ್ಕಿಂತ ಮುಖ್ಯವಾಗಿ, ಒಂದೇ ವಲಯದಲ್ಲಿರುವ ಯಾವ ಯಂತ್ರವಾದರೂ ಇನ್ನೊಂದನ್ನು ನೇರವಾಗಿ ಸಂಪರ್ಕಿಸಬಹುದು. ಸಾರ್ವಜನಿಕರು ಬಳಸುವ ಗಣಕ ಹಾಗೂ ಕಚೇರಿಯ ಕಡತಗಳಿರುವ ಗಣಕ ಒಂದೇ ವಲಯದಲ್ಲಿದ್ದರೆ ಮೊದಲನೆಯದಕ್ಕೆ ತಗುಲಿದ ಕುತಂತ್ರಾಂಶವು ಎರಡನೆಯದನ್ನು ತಲುಪುವ ದಾರಿ ತೆರೆದಿರುತ್ತದೆ.

ವಿಲ್ಯಾನ್ ಬರುವ ಮುನ್ನ ಜಾಲಗಳನ್ನು ಬೇರ್ಪಡಿಸಲು ಪ್ರತಿಯೊಂದಕ್ಕೂ ಬೇರೆ ಸ್ವಿಚ್, ಬೇರೆ ತಂತಿ ಬೇಕಿತ್ತು. 1980ರ ದಶಕದಲ್ಲಿ ಅಮೆರಿಕದ ಬೆಲ್‌ಕೋರ್ ಸಂಸ್ಥೆಯಲ್ಲಿದ್ದ ಡಬ್ಲ್ಯೂ. ಡೇವಿಡ್ ಸಿನ್ಕೋಸ್ಕಿ ಅವರು ಈಥರ್ನೆಟ್ ಜಾಲಗಳನ್ನು ದೊಡ್ಡ ಪ್ರಮಾಣಕ್ಕೆ ವಿಸ್ತರಿಸುವ ಸಮಸ್ಯೆಯನ್ನು ಅಧ್ಯಯನ ಮಾಡುತ್ತಿದ್ದಾಗ ಪ್ರತಿ ಫ್ರೇಮಿಗೂ ಒಂದು ಗುರುತು ಚೀಟಿ ಅಂಟಿಸುವ ಪರಿಕಲ್ಪನೆಯನ್ನು ರೂಪಿಸಿದರು. ಒಂದೊಂದು ಚೀಟಿಯನ್ನು ಒಂದೊಂದು ಬಣ್ಣವೆಂದು ಭಾವಿಸಿದರೆ, ಸ್ವಿಚ್ ಆಯಾ ಬಣ್ಣದ ಫ್ರೇಮುಗಳನ್ನು ಆಯಾ ಬಣ್ಣದ ದಾರಿಗಳಲ್ಲಿ ಮಾತ್ರ ಸಾಗಿಸುತ್ತದೆ. ಈ ಚೀಟಿಯೇ ಇಂದಿನ ವಿಲ್ಯಾನ್ ಟ್ಯಾಗ್‌ನ ಮೂಲ. ಮಾನಕ ರೂಪುಗೊಳ್ಳುವ ಮೊದಲು ತಯಾರಕರು ತಮ್ಮದೇ ಪದ್ಧತಿಗಳನ್ನು ಬಳಸುತ್ತಿದ್ದರು. ಸಿಸ್ಕೊ ಕಂಪನಿಯ ಐಎಸ್‌ಎಲ್ ಅವುಗಳಲ್ಲೊಂದು. ಅದು ಇಡೀ ಫ್ರೇಮಿನ ಸುತ್ತ 30 ಬೈಟ್‌ಗಳ ಹೊದಿಕೆಯನ್ನು ಸೇರಿಸುತ್ತಿತ್ತು. ಈಗ ಅದು ಬಹುತೇಕ ಬಳಕೆಯಲ್ಲಿಲ್ಲ.

## ಕಾರ್ಯವಿಧಾನ

ಸ್ವಿಚ್ ತನ್ನ ಪ್ರತಿ ಪೋರ್ಟ್‌ನ ಆಚೆ ಯಾವ ಮ್ಯಾಕ್ ವಿಳಾಸದ ಯಂತ್ರವಿದೆ ಎಂಬುದನ್ನು ಬರುವ ಫ್ರೇಮುಗಳಿಂದಲೇ ಕಲಿತು ಒಂದು ಕೋಷ್ಟಕದಲ್ಲಿ ಇರಿಸಿಕೊಳ್ಳುತ್ತದೆ. ವಿಲ್ಯಾನ್ ಬಳಸುವ ಸ್ವಿಚ್ ಈ ಕೋಷ್ಟಕದಲ್ಲಿ ಮ್ಯಾಕ್ ವಿಳಾಸದೊಂದಿಗೆ ವಿಲ್ಯಾನ್ ಸಂಖ್ಯೆಯನ್ನೂ ದಾಖಲಿಸುತ್ತದೆ. 10ನೆಯ ವಿಲ್ಯಾನ್‌ನಲ್ಲಿ ಬಂದ ಫ್ರೇಮ್‌ಗೆ ಗಮ್ಯವನ್ನು ಹುಡುಕುವಾಗ 10ನೆಯ ವಿಲ್ಯಾನ್‌ನ ದಾಖಲೆಗಳನ್ನು ಮಾತ್ರ ನೋಡುತ್ತದೆ. ಗಮ್ಯ ತಿಳಿಯದಿದ್ದರೆ ಅಥವಾ ಫ್ರೇಮ್ ಬ್ರಾಡ್‌ಕಾಸ್ಟ್ ಆಗಿದ್ದರೆ ಅದೇ ವಿಲ್ಯಾನ್‌ನ ಪೋರ್ಟ್‌ಗಳಿಗೆ ಮಾತ್ರ ಹರಡುತ್ತದೆ. ಹೀಗೆ ಪ್ರತಿ ವಿಲ್ಯಾನ್ ಒಂದು ಸ್ವತಂತ್ರ ಬ್ರಾಡ್‌ಕಾಸ್ಟ್ ವಲಯವಾಗುತ್ತದೆ.

ಒಂದೇ ಸ್ವಿಚ್‌ನ ಒಳಗೆ ಫ್ರೇಮ್ ಯಾವ ವಿಲ್ಯಾನ್‌ಗೆ ಸೇರಿದ್ದೆಂಬುದು ಅದು ಪ್ರವೇಶಿಸಿದ ಪೋರ್ಟ್‌ನಿಂದಲೇ ತಿಳಿಯುತ್ತದೆ. ಫ್ರೇಮ್ ಇನ್ನೊಂದು ಸ್ವಿಚ್‌ಗೆ ಹೋಗುವಾಗ ಆ ಮಾಹಿತಿಯನ್ನು ಜೊತೆಗೆ ಕಳುಹಿಸಬೇಕಾಗುತ್ತದೆ. ಈ ಕೆಲಸಕ್ಕಾಗಿಯೇ ಟ್ಯಾಗ್ ಇರುವುದು.

### ಟ್ಯಾಗ್‌ನ ರಚನೆ

802.1ಕ್ಯೂ ಟ್ಯಾಗ್ 4 ಬೈಟ್‌ಗಳಷ್ಟಿದ್ದು ಫ್ರೇಮಿನಲ್ಲಿ ಕಳುಹಿಸುವವರ ಮ್ಯಾಕ್ ವಿಳಾಸದ ನಂತರ ಸೇರುತ್ತದೆ. ಫ್ರೇಮ್ ಬದಲಾಗುವುದರಿಂದ ಕೊನೆಯಲ್ಲಿರುವ ದೋಷ ಪರೀಕ್ಷಾ ಮೊತ್ತವನ್ನು ಸ್ವಿಚ್ ಮತ್ತೆ ಲೆಕ್ಕ ಹಾಕುತ್ತದೆ.

| ಭಾಗ | ಗಾತ್ರ | ಉದ್ದೇಶ |
|---|---|---|
| ಟಿಪಿಐಡಿ | 16 ಬಿಟ್ | ಇದು ಟ್ಯಾಗ್ ಇರುವ ಫ್ರೇಮ್ ಎಂಬ ಸೂಚನೆ; ಹದಿನಾರರ ಸಂಖ್ಯಾ ಪದ್ಧತಿಯಲ್ಲಿ ಬೆಲೆ 8100 |
| ಪಿಸಿಪಿ | 3 ಬಿಟ್ | 0ಯಿಂದ 7ರವರೆಗಿನ ಆದ್ಯತೆ. ಧ್ವನಿಯಂಥ ತಡವಾಗಬಾರದ ಸಂಚಾರಕ್ಕೆ ಉಪಯುಕ್ತ |
| ಡಿಇಐ | 1 ಬಿಟ್ | ದಟ್ಟಣೆಯ ವೇಳೆ ಮೊದಲು ಕೈಬಿಡಬಹುದಾದ ಫ್ರೇಮ್ ಎಂಬ ಸೂಚನೆ |
| ವಿಐಡಿ | 12 ಬಿಟ್ | ವಿಲ್ಯಾನ್ ಸಂಖ್ಯೆ |

12 ಬಿಟ್‌ಗಳಲ್ಲಿ 4096 ಬೆಲೆಗಳು ಸಾಧ್ಯ. ಇವುಗಳಲ್ಲಿ 0 ಮತ್ತು 4095 ಮೀಸಲಾಗಿರುವುದರಿಂದ 1ರಿಂದ 4094ರವರೆಗಿನ ಸಂಖ್ಯೆಗಳು ಬಳಕೆಗೆ ಸಿಗುತ್ತವೆ. ಟ್ಯಾಗ್ ಸೇರಿದಾಗ ಈಥರ್ನೆಟ್ ಫ್ರೇಮಿನ ಗರಿಷ್ಠ ಗಾತ್ರ 1518 ಬೈಟ್‌ಗಳಿಂದ 1522 ಬೈಟ್‌ಗಳಿಗೆ ಏರುತ್ತದೆ.

### ಪೋರ್ಟ್‌ಗಳ ವಿಧಗಳು

* ಆಕ್ಸೆಸ್ ಪೋರ್ಟ್: ಗಣಕ, ಮುದ್ರಕ, ಕ್ಯಾಮೆರಾಗಳಂಥ ಅಂತಿಮ ಸಾಧನಗಳಿಗೆ. ಇದು ಒಂದೇ ವಿಲ್ಯಾನ್‌ಗೆ ಸೇರಿರುತ್ತದೆ. ಫ್ರೇಮುಗಳು ಟ್ಯಾಗ್ ಇಲ್ಲದೆ ಬಂದು ಹೋಗುತ್ತವೆ; ಸಾಧನಕ್ಕೆ ವಿಲ್ಯಾನ್ ಇರುವುದೇ ತಿಳಿದಿರುವುದಿಲ್ಲ.
* ಟ್ರಂಕ್ ಪೋರ್ಟ್: ಸ್ವಿಚ್‌ನಿಂದ ಸ್ವಿಚ್‌ಗೆ ಅಥವಾ ಸ್ವಿಚ್‌ನಿಂದ ರೌಟರ್‌ಗೆ. ಹಲವು ವಿಲ್ಯಾನ್‌ಗಳ ಫ್ರೇಮುಗಳು ಟ್ಯಾಗ್‌ನೊಂದಿಗೆ ಒಂದೇ ತಂತಿಯಲ್ಲಿ ಸಾಗುತ್ತವೆ.
* ನೇಟಿವ್ ವಿಲ್ಯಾನ್: ಟ್ರಂಕ್‌ನಲ್ಲಿ ಟ್ಯಾಗ್ ಇಲ್ಲದೆ ಬಂದ ಫ್ರೇಮುಗಳನ್ನು ಸೇರಿಸಬೇಕಾದ ವಿಲ್ಯಾನ್. ತಂತಿಯ ಎರಡೂ ತುದಿಗಳಲ್ಲಿ ಇದು ಒಂದೇ ಆಗಿರಬೇಕು.
* ವಾಯ್ಸ್ ವಿಲ್ಯಾನ್: ಐಪಿ ದೂರವಾಣಿ ಹಾಗೂ ಅದರ ಮೂಲಕ ಜೋಡಿಸಿದ ಗಣಕ ಎರಡಕ್ಕೂ ಒಂದೇ ಪೋರ್ಟ್ ಸಾಕಾಗುವಂತೆ ಮಾಡಿದ ವ್ಯವಸ್ಥೆ. ದೂರವಾಣಿಯ ಸಂಚಾರ ಟ್ಯಾಗ್‌ನೊಂದಿಗೆ, ಗಣಕದ ಸಂಚಾರ ಟ್ಯಾಗ್ ಇಲ್ಲದೆ ಸಾಗುತ್ತದೆ.

ಆಕ್ಸೆಸ್, ಟ್ರಂಕ್ ಎಂಬ ಪದಗಳು ಸಿಸ್ಕೊ ಬಳಕೆಯಿಂದ ಪ್ರಚಾರಕ್ಕೆ ಬಂದವು. ಇತರ ಹಲವು ತಯಾರಕರ ಸ್ವಿಚ್‌ಗಳಲ್ಲಿ ಇದೇ ಅರ್ಥಕ್ಕೆ ಕ್ರಮವಾಗಿ ಅನ್‌ಟ್ಯಾಗ್ಡ್ ಮತ್ತು ಟ್ಯಾಗ್ಡ್ ಸದಸ್ಯತ್ವ ಎಂಬ ಪದಗಳಿವೆ. ಅಲ್ಲಿ ಟ್ಯಾಗ್ ಇಲ್ಲದೆ ಒಳಬಂದ ಫ್ರೇಮ್ ಸೇರಬೇಕಾದ ವಿಲ್ಯಾನನ್ನು ಪಿವಿಐಡಿ ಎಂಬ ಪ್ರತ್ಯೇಕ ಸಂಖ್ಯೆ ನಿರ್ಧರಿಸುತ್ತದೆ.

## ವಿಲ್ಯಾನ್‌ಗಳ ನಡುವಿನ ಸಂವಹನ

ಎರಡು ವಿಲ್ಯಾನ್‌ಗಳ ನಡುವೆ ಮಾಹಿತಿ ಸಾಗಬೇಕಾದರೆ ಅದು ಮೂರನೆಯ ಪದರದ ಸಾಧನವನ್ನು ಹಾದುಹೋಗಬೇಕು. ಆದ್ದರಿಂದ ಪ್ರತಿ ವಿಲ್ಯಾನ್‌ಗೂ ಪ್ರತ್ಯೇಕ ಐಪಿ ಉಪಜಾಲವನ್ನು ನಿಗದಿಪಡಿಸುವುದು ವಾಡಿಕೆ. ಇದಕ್ಕೆ ಎರಡು ಮುಖ್ಯ ವಿಧಾನಗಳಿವೆ. ಸಣ್ಣ ಜಾಲಗಳಲ್ಲಿ ರೌಟರ್‌ನ ಒಂದೇ ಪೋರ್ಟನ್ನು ಟ್ರಂಕ್ ಮೂಲಕ ಸ್ವಿಚ್‌ಗೆ ಜೋಡಿಸಿ, ಅದರಲ್ಲಿ ಪ್ರತಿ ವಿಲ್ಯಾನ್‌ಗೂ ಒಂದೊಂದು ಉಪ-ಇಂಟರ್‌ಫೇಸ್ ರಚಿಸಲಾಗುತ್ತದೆ. ದೊಡ್ಡ ಜಾಲಗಳಲ್ಲಿ ಮೂರನೆಯ ಪದರದ ಸ್ವಿಚ್ಚೇ ಪ್ರತಿ ವಿಲ್ಯಾನ್‌ಗೂ ಎಸ್‌ವಿಐ ಎಂಬ ಆಂತರಿಕ ಇಂಟರ್‌ಫೇಸ್ ಹೊಂದಿದ್ದು ಹೆಚ್ಚು ವೇಗದಲ್ಲಿ ಈ ಕೆಲಸ ಮಾಡುತ್ತದೆ.

ರೌಟಿಂಗ್ ಆರಂಭಿಸಿದ ಕೂಡಲೇ, ತಡೆಯುವ ನಿಯಮಗಳಿಲ್ಲದಿದ್ದರೆ, ಎಲ್ಲ ವಿಲ್ಯಾನ್‌ಗಳೂ ಪರಸ್ಪರ ತಲುಪಬಲ್ಲವು. ಪ್ರತ್ಯೇಕತೆ ಉಳಿಯಬೇಕಾದರೆ ರೌಟರ್ ಅಥವಾ ಫೈರ್‌ವಾಲ್‌ನಲ್ಲಿ ಪ್ರವೇಶ ನಿಯಂತ್ರಣ ಪಟ್ಟಿಯನ್ನು ಅಳವಡಿಸಬೇಕು.

## ಸಂರಚನೆ

### ವಿನ್ಯಾಸದ ಒಂದು ಉದಾಹರಣೆ

ಉತ್ತರ ಕನ್ನಡ ಜಿಲ್ಲೆಯ ಸಿರ್ಸಿ ತಾಲ್ಲೂಕಿನ ಸೋಂದಾದಂಥ ಗ್ರಾಮದ ಪಂಚಾಯಿತಿ ಆವರಣವನ್ನು ಉದಾಹರಣೆಯಾಗಿ ಪರಿಗಣಿಸಬಹುದು. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಕಚೇರಿಯ ಕೆಲಸದ ಜೊತೆಗೆ ಬಾಪೂಜಿ ಸೇವಾ ಕೇಂದ್ರದ ಸೇವೆಗಳಿವೆ. ಅರಿವು ಕೇಂದ್ರವೆಂದು ಕರೆಯಲಾಗುವ ಗ್ರಂಥಾಲಯಗಳಲ್ಲಿ ಸಾರ್ವಜನಿಕರಿಗೆ ಗಣಕಗಳೂ ಇರುತ್ತವೆ. ತೆರಿಗೆ ಲೆಕ್ಕ, ಫಲಾನುಭವಿಗಳ ವಿವರಗಳಿರುವ ಗಣಕಗಳು ಗ್ರಂಥಾಲಯಕ್ಕೆ ಬಂದ ಯಾರಾದರೂ ಬಳಸುವ ಜಾಲದಲ್ಲಿಯೇ ಇರುವುದು ಸೂಕ್ತವಲ್ಲ. ಕೆಳಗಿನದು ವಿವರಣೆಗಾಗಿ ಕಲ್ಪಿಸಿದ ವಿನ್ಯಾಸವೇ ಹೊರತು ಯಾವುದೇ ಪಂಚಾಯಿತಿಯ ನೈಜ ಜಾಲದ ವಿವರವಲ್ಲ.

| ವಿಲ್ಯಾನ್ | ಬಳಕೆ | ಉಪಜಾಲ | ಸ್ವಿಚ್ ಪೋರ್ಟ್‌ಗಳು |
|---|---|---|---|
| 10 | ಕಚೇರಿ | 192.168.10.0/24 | 1–6 |
| 20 | ಸೇವಾ ಕೇಂದ್ರ | 192.168.20.0/24 | 7–12 |
| 30 | ಅರಿವು ಕೇಂದ್ರ, ಸಾರ್ವಜನಿಕ ವೈ-ಫೈ | 192.168.30.0/24 | 13–18 |
| 40 | ಕ್ಯಾಮೆರಾಗಳು | 192.168.40.0/24 | 19–22 |
| 99 | ಸ್ವಿಚ್‌ಗಳ ನಿರ್ವಹಣೆ | 192.168.99.0/24 | – |

24 ಪೋರ್ಟ್‌ಗಳ ಈ ಸ್ವಿಚ್‌ನಲ್ಲಿ 23ನೆಯದು ರೌಟರ್‌ಗೆ, 24ನೆಯದು ಗ್ರಂಥಾಲಯದ ಕಟ್ಟಡದಲ್ಲಿರುವ ಎರಡನೆಯ ಸ್ವಿಚ್‌ಗೆ ಹೋಗುವ ಟ್ರಂಕ್‌ಗಳು. ರೌಟರ್‌ನಲ್ಲಿ 30 ಮತ್ತು 40ನೆಯ ವಿಲ್ಯಾನ್‌ಗಳಿಂದ 10 ಮತ್ತು 20ಕ್ಕೆ ಹೋಗುವ ಸಂಚಾರವನ್ನು ನಿರ್ಬಂಧಿಸಲಾಗುತ್ತದೆ. ವಿಲ್ಯಾನ್ ಸಂಖ್ಯೆಯೇ ಉಪಜಾಲದ ಮೂರನೆಯ ಅಂಕಿಯಾಗಿರುವುದು ಕಡ್ಡಾಯವಲ್ಲ. ಆದರೆ ಹಾಗಿದ್ದರೆ ಒಂದು ಗಣಕದ ವಿಳಾಸ ನೋಡಿದೊಡನೆ ಅದು ಯಾವ ವಿಲ್ಯಾನ್‌ನಲ್ಲಿದೆಯೆಂದು ತಿಳಿಯುತ್ತದೆ.

### ಆಜ್ಞೆಗಳು

ಸಿಸ್ಕೊ ಸ್ವಿಚ್‌ಗಳಲ್ಲಿ ಸಂರಚನೆಯ ಕ್ರಮ ಹೀಗಿದೆ. ಆಜ್ಞೆಗಳನ್ನು ಯಂತ್ರದಲ್ಲಿ ರೋಮನ್ ಲಿಪಿಯಲ್ಲಿಯೇ ನಮೂದಿಸಬೇಕು. ಇಲ್ಲಿ ಅವುಗಳ ಉಚ್ಚಾರಣೆಯನ್ನು ನೀಡಲಾಗಿದೆ.

1. ವಿಲ್ಯಾನ್ ರಚಿಸುವುದು: ಸಂರಚನಾ ಸ್ಥಿತಿಯಲ್ಲಿ «ವಿಲ್ಯಾನ್ 10» ಎಂಬ ಆಜ್ಞೆ, ನಂತರ «ನೇಮ್» ಎಂಬುದರ ಜೊತೆಗೆ ಹೆಸರು. ಉಳಿದ ವಿಲ್ಯಾನ್‌ಗಳಿಗೂ ಇದೇ ಕ್ರಮ. ಎರಡೂ ಸ್ವಿಚ್‌ಗಳಲ್ಲಿ ಇದನ್ನು ಮಾಡಬೇಕು.
2. ಆಕ್ಸೆಸ್ ಪೋರ್ಟ್ ನಿಗದಿಪಡಿಸುವುದು: 1ರಿಂದ 6ರವರೆಗಿನ ಪೋರ್ಟ್‌ಗಳನ್ನು ಆಯ್ದು «ಸ್ವಿಚ್‌ಪೋರ್ಟ್ ಮೋಡ್ ಆಕ್ಸೆಸ್», «ಸ್ವಿಚ್‌ಪೋರ್ಟ್ ಆಕ್ಸೆಸ್ ವಿಲ್ಯಾನ್ 10».
3. ಟ್ರಂಕ್ ನಿಗದಿಪಡಿಸುವುದು: 23 ಮತ್ತು 24ನೆಯ ಪೋರ್ಟ್‌ಗಳಲ್ಲಿ «ಸ್ವಿಚ್‌ಪೋರ್ಟ್ ಮೋಡ್ ಟ್ರಂಕ್», «ಸ್ವಿಚ್‌ಪೋರ್ಟ್ ಟ್ರಂಕ್ ಅಲೌಡ್ ವಿಲ್ಯಾನ್ 10,20,30,40,99».
4. ರೌಟರ್‌ನಲ್ಲಿ ಉಪ-ಇಂಟರ್‌ಫೇಸ್: ಪ್ರತಿಯೊಂದಕ್ಕೂ «ಎನ್‌ಕ್ಯಾಪ್ಸುಲೇಶನ್ ಡಾಟ್1ಕ್ಯೂ 10» ಎಂಬಂತೆ ವಿಲ್ಯಾನ್ ಸಂಖ್ಯೆ, ನಂತರ 192.168.10.1ರಂತಹ ಐಪಿ ವಿಳಾಸ. ಈ ವಿಳಾಸವೇ ಆ ವಿಲ್ಯಾನ್‌ನ ಗಣಕಗಳಿಗೆ ಗೇಟ್‌ವೇ.
5. ಉಳಿಸುವುದು: «ಕಾಪಿ ರನ್ನಿಂಗ್-ಕಾನ್ಫಿಗ್ ಸ್ಟಾರ್ಟಪ್-ಕಾನ್ಫಿಗ್».

ಬ್ರೌಸರ್ ಮೂಲಕ ನಿರ್ವಹಿಸುವ ಕಡಿಮೆ ಬೆಲೆಯ ಸ್ಮಾರ್ಟ್ ಸ್ವಿಚ್‌ಗಳಲ್ಲಿ ಇದೇ ಕೆಲಸವನ್ನು ಮೂರು ಹಂತಗಳಲ್ಲಿ ಮಾಡಲಾಗುತ್ತದೆ: 802.1ಕ್ಯೂ ಸೌಲಭ್ಯವನ್ನು ಸಕ್ರಿಯಗೊಳಿಸುವುದು, ಪ್ರತಿ ವಿಲ್ಯಾನ್‌ಗೂ ಟ್ಯಾಗ್ಡ್ ಮತ್ತು ಅನ್‌ಟ್ಯಾಗ್ಡ್ ಪೋರ್ಟ್‌ಗಳನ್ನು ಗುರುತಿಸುವುದು, ಪ್ರತಿ ಪೋರ್ಟ್‌ಗೂ ಪಿವಿಐಡಿ ಕೊಡುವುದು. ಯಾವುದೇ ಸಂರಚನೆಗೆ ಅವಕಾಶವಿಲ್ಲದ ಸಾಮಾನ್ಯ ಸ್ವಿಚ್‌ಗಳಲ್ಲಿ ವಿಲ್ಯಾನ್ ರಚಿಸಲಾಗದು. ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯು ವಿಲ್ಯಾನ್ ಟ್ಯಾಗ್‌ಗಳನ್ನು ನೇರವಾಗಿ ಬೆಂಬಲಿಸುವುದರಿಂದ ಎರಡೇ ನೆಟ್‌ವರ್ಕ್ ಕಾರ್ಡ್‌ಗಳಿರುವ ಗಣಕವನ್ನು ಹಲವು ವಿಲ್ಯಾನ್‌ಗಳ ರೌಟರ್ ಆಗಿ ಬಳಸಬಹುದು.

## ದೋಷ ಪತ್ತೆ ಮತ್ತು ನಿವಾರಣೆ

ವಿಲ್ಯಾನ್ ದೋಷಗಳಲ್ಲಿ ತಂತಿ ಸರಿಯಾಗಿಯೇ ಇರುತ್ತದೆ, ಪೋರ್ಟ್‌ನ ದೀಪವೂ ಉರಿಯುತ್ತಿರುತ್ತದೆ; ಆದರೂ ಸಂಪರ್ಕವಿರುವುದಿಲ್ಲ. ಆದ್ದರಿಂದ ಪರೀಕ್ಷೆಯನ್ನು ಅಂತಿಮ ಸಾಧನದಿಂದ ಆರಂಭಿಸಿ ರೌಟರ್‌ನತ್ತ ಹಂತಹಂತವಾಗಿ ನಡೆಸುವುದು ಸೂಕ್ತ.

1. ಗಣಕದ ಐಪಿ ವಿಳಾಸ: 169.254ರಿಂದ ಆರಂಭವಾಗುವ ವಿಳಾಸವಿದ್ದರೆ ಡಿಎಚ್‌ಸಿಪಿ ಉತ್ತರ ತಲುಪಿಲ್ಲವೆಂದು ಅರ್ಥ. ಬೇರೊಂದು ವಿಲ್ಯಾನ್‌ನ ವಿಳಾಸ ಸಿಕ್ಕಿದ್ದರೆ ಪೋರ್ಟ್ ತಪ್ಪು ವಿಲ್ಯಾನ್‌ನಲ್ಲಿದೆ.
2. ಪೋರ್ಟ್‌ನ ಸದಸ್ಯತ್ವ: «ಶೋ ವಿಲ್ಯಾನ್ ಬ್ರೀಫ್» ಆಜ್ಞೆ ಪ್ರತಿ ವಿಲ್ಯಾನ್‌ನ ಆಕ್ಸೆಸ್ ಪೋರ್ಟ್‌ಗಳನ್ನು ತೋರಿಸುತ್ತದೆ. ಟ್ರಂಕ್ ಆಗಿ ಕೆಲಸ ಮಾಡುತ್ತಿರುವ ಪೋರ್ಟ್‌ಗಳು ಈ ಪಟ್ಟಿಯಲ್ಲಿ ಇರುವುದಿಲ್ಲ.
3. ಮ್ಯಾಕ್ ಕೋಷ್ಟಕ: «ಶೋ ಮ್ಯಾಕ್ ಅಡ್ರೆಸ್-ಟೇಬಲ್» ಮೂಲಕ ಗಣಕದ ಮ್ಯಾಕ್ ವಿಳಾಸ ಯಾವ ಪೋರ್ಟ್‌ನಲ್ಲಿ, ಯಾವ ವಿಲ್ಯಾನ್‌ನಲ್ಲಿ ಕಾಣುತ್ತಿದೆ ಎಂಬುದನ್ನು ಮಾರ್ಗದ ಪ್ರತಿ ಸ್ವಿಚ್‌ನಲ್ಲಿಯೂ ನೋಡಬೇಕು. ಅದು ಎಲ್ಲಿ ಕಾಣದಾಗುತ್ತದೆಯೋ ದೋಷವು ಅದಕ್ಕೂ ಹಿಂದಿನ ಸ್ವಿಚ್‌ಗೂ ನಡುವೆ ಇರುತ್ತದೆ.
4. ಟ್ರಂಕ್: «ಶೋ ಇಂಟರ್‌ಫೇಸಸ್ ಟ್ರಂಕ್» ಆಜ್ಞೆ ಅನುಮತಿ ಪಡೆದ ವಿಲ್ಯಾನ್‌ಗಳು, ಅವುಗಳಲ್ಲಿ ಸಕ್ರಿಯವಾದವು, ಸ್ಪ್ಯಾನಿಂಗ್ ಟ್ರೀ ತಡೆಯದೆ ಮುಂದೆ ಕಳುಹಿಸುತ್ತಿರುವವು ಎಂಬ ಪಟ್ಟಿಗಳನ್ನು ಪ್ರತ್ಯೇಕವಾಗಿ ಕೊಡುತ್ತದೆ. ಮೊದಲ ಪಟ್ಟಿಯಲ್ಲಿದ್ದ ವಿಲ್ಯಾನ್ ಎರಡನೆಯದರಲ್ಲಿ ಇಲ್ಲದಿದ್ದರೆ ಅದನ್ನು ಆ ಸ್ವಿಚ್‌ನಲ್ಲಿ ರಚಿಸಿಯೇ ಇಲ್ಲ.
5. ಗೇಟ್‌ವೇ: ಒಂದೇ ವಿಲ್ಯಾನ್‌ನ ಗಣಕಗಳು ಪರಸ್ಪರ ತಲುಪಿ, ಹೊರಗಿನವು ತಲುಪದಿದ್ದರೆ ದೋಷ ರೌಟರ್‌ನಲ್ಲಿ, ಗೇಟ್‌ವೇ ವಿಳಾಸದಲ್ಲಿ ಅಥವಾ ನಿಯಂತ್ರಣ ಪಟ್ಟಿಯಲ್ಲಿದೆ.

### ಸಾಮಾನ್ಯ ದೋಷಗಳು

ಅನುಮತಿ ಪಟ್ಟಿ ಅಳಿಸಿಹೋಗುವುದು. ಟ್ರಂಕ್‌ಗೆ ಹೊಸದಾಗಿ 50ನೆಯ ವಿಲ್ಯಾನ್ ಸೇರಿಸಲು «ಸ್ವಿಚ್‌ಪೋರ್ಟ್ ಟ್ರಂಕ್ ಅಲೌಡ್ ವಿಲ್ಯಾನ್ 50» ಎಂದು ನಮೂದಿಸಿದರೆ ಹಳೆಯ ಪಟ್ಟಿ ಸಂಪೂರ್ಣ ಹೋಗಿ 50 ಮಾತ್ರ ಉಳಿಯುತ್ತದೆ. ನಿರ್ವಹಣಾ ವಿಲ್ಯಾನ್ ಕೂಡ ಅದರೊಂದಿಗೆ ಹೋಗುವುದರಿಂದ ದೂರದ ಸ್ವಿಚ್‌ನ ಸಂಪರ್ಕವೇ ಕಡಿದುಹೋಗಿ, ಅದಿರುವ ಸ್ಥಳಕ್ಕೇ ಹೋಗಿ ಸರಿಪಡಿಸಬೇಕಾಗಬಹುದು. «ಅಲೌಡ್ ವಿಲ್ಯಾನ್ ಆ್ಯಡ್ 50» ಎಂಬುದು ಸರಿಯಾದ ರೂಪ.

ನೇಟಿವ್ ವಿಲ್ಯಾನ್ ಹೊಂದಿಕೆಯಾಗದಿರುವುದು. ಒಂದು ತುದಿಯಲ್ಲಿ 1, ಇನ್ನೊಂದು ತುದಿಯಲ್ಲಿ 99 ಇದ್ದರೆ ಟ್ಯಾಗ್ ಇಲ್ಲದ ಫ್ರೇಮುಗಳು ಒಂದು ವಿಲ್ಯಾನ್‌ನಿಂದ ಹೊರಟು ಇನ್ನೊಂದರಲ್ಲಿ ಇಳಿಯುತ್ತವೆ. ಟ್ಯಾಗ್ ಇರುವ ವಿಲ್ಯಾನ್‌ಗಳು ಸರಿಯಾಗಿ ನಡೆಯುತ್ತಿರುವುದರಿಂದ ಈ ದೋಷ ಬೇಗ ಗಮನಕ್ಕೆ ಬಾರದು.

ಪಿವಿಐಡಿ ಬದಲಿಸದಿರುವುದು. ಸ್ಮಾರ್ಟ್ ಸ್ವಿಚ್‌ನಲ್ಲಿ ಪೋರ್ಟನ್ನು 30ನೆಯ ವಿಲ್ಯಾನ್‌ಗೆ ಅನ್‌ಟ್ಯಾಗ್ಡ್ ಸದಸ್ಯನನ್ನಾಗಿಸಿ ಪಿವಿಐಡಿಯನ್ನು 1 ಆಗಿಯೇ ಬಿಟ್ಟರೆ 30ರ ಫ್ರೇಮುಗಳು ಗಣಕಕ್ಕೆ ಬರುತ್ತವೆ, ಆದರೆ ಗಣಕದಿಂದ ಹೊರಟವು 1ನೆಯ ವಿಲ್ಯಾನ್‌ಗೆ ಸೇರುತ್ತವೆ.

ವಿಲ್ಯಾನ್ ಅಳಿಸಿಹೋಗಿರುವುದು. ಸಿಸ್ಕೊ ಸ್ವಿಚ್‌ಗಳಲ್ಲಿ ಒಂದು ವಿಲ್ಯಾನನ್ನು ಅಳಿಸಿದರೆ ಅದರ ಪೋರ್ಟ್‌ಗಳು 1ನೆಯ ವಿಲ್ಯಾನ್‌ಗೆ ಮರಳುವುದಿಲ್ಲ, ನಿಷ್ಕ್ರಿಯವಾಗಿ ಉಳಿಯುತ್ತವೆ.

ಸಂರಚನೆ ಉಳಿಸದಿರುವುದು. ಚಾಲನೆಯಲ್ಲಿರುವ ಸಂರಚನೆ ತಾತ್ಕಾಲಿಕ ಸ್ಮೃತಿಯಲ್ಲಿರುವುದರಿಂದ ವಿದ್ಯುತ್ ಹೋಗಿ ಬಂದಾಗ ಉಳಿಸದ ಬದಲಾವಣೆಗಳು ಅಳಿಯುತ್ತವೆ. ಸಿರ್ಸಿ, ಸಿದ್ದಾಪುರ, ಯಲ್ಲಾಪುರದಂಥ ಮಲೆನಾಡಿನ ತಾಲ್ಲೂಕುಗಳಲ್ಲಿ ಮಳೆಗಾಲದಲ್ಲಿ ಮರ ಬಿದ್ದು ವಿದ್ಯುತ್ ಕಡಿತವಾಗುವುದು ಸಾಮಾನ್ಯ. ತಿಂಗಳುಗಟ್ಟಲೆ ಸರಿಯಾಗಿದ್ದ ಜಾಲವು ಒಂದು ರಾತ್ರಿಯ ಕಡಿತದ ನಂತರ ಹಳೆಯ ಸ್ಥಿತಿಗೆ ಮರಳಿದ್ದರೆ ಮೊದಲು ಪರಿಶೀಲಿಸಬೇಕಾದುದು ಇದನ್ನೇ. ಸಿಡಿಲಿನಿಂದ ಸ್ವಿಚ್ಚೇ ಹಾಳಾಗುವ ಸಂಭವವಿರುವುದರಿಂದ ಸಂರಚನೆಯ ಪ್ರತಿಯನ್ನು ಬೇರೆಡೆ ಇರಿಸುವುದೂ ಪೋರ್ಟ್‌ಗಳ ಪಟ್ಟಿಯನ್ನು ಕಾಗದದ ಮೇಲೆ ಬರೆದಿಡುವುದೂ ಅಗತ್ಯ.

ಬದಲಿ ಸ್ವಿಚ್‌ನಿಂದಾಗುವ ತೊಂದರೆ. ಸಿಸ್ಕೊದ ವಿಟಿಪಿ ವ್ಯವಸ್ಥೆ ವಿಲ್ಯಾನ್ ಪಟ್ಟಿಯನ್ನು ಸ್ವಿಚ್‌ನಿಂದ ಸ್ವಿಚ್‌ಗೆ ತಾನಾಗಿಯೇ ಹಂಚುತ್ತದೆ. ಹೆಚ್ಚಿನ ಪರಿಷ್ಕರಣ ಸಂಖ್ಯೆಯುಳ್ಳ ಪಟ್ಟಿಯೇ ಗೆಲ್ಲುತ್ತದೆ. ವಿಟಿಪಿಯ 1 ಮತ್ತು 2ನೆಯ ಆವೃತ್ತಿಗಳಲ್ಲಿ, ಬೇರೆಡೆ ಬಳಸಿದ ಸ್ವಿಚ್ಚನ್ನು ಅದೇ ವಿಟಿಪಿ ವಲಯದ ಹೆಸರಿನೊಂದಿಗೆ ತಂದು ಜೋಡಿಸಿದಾಗ ಅದರ ಸಂಖ್ಯೆ ಹೆಚ್ಚಿದ್ದರೆ ಇಡೀ ಜಾಲದ ವಿಲ್ಯಾನ್ ಪಟ್ಟಿ ಬದಲಾಗಿ ಎಲ್ಲೆಡೆ ಸಂಪರ್ಕ ನಿಲ್ಲಬಹುದು. ಜೋಡಿಸುವ ಮುನ್ನ ಅದನ್ನು ಟ್ರಾನ್ಸ್‌ಪರೆಂಟ್ ಸ್ಥಿತಿಗೆ ಬದಲಿಸಿದರೆ ಪರಿಷ್ಕರಣ ಸಂಖ್ಯೆ 0 ಆಗುತ್ತದೆ.

## ಭದ್ರತೆ

ಸರಿಯಾಗಿ ಸಂರಚಿಸದ ಸ್ವಿಚ್‌ನಲ್ಲಿ ಒಂದು ವಿಲ್ಯಾನ್‌ನಿಂದ ಇನ್ನೊಂದಕ್ಕೆ ನುಸುಳಲು ಸಾಧ್ಯ. ಇದಕ್ಕೆ ಎರಡು ಪ್ರಸಿದ್ಧ ವಿಧಾನಗಳಿವೆ. ಮೊದಲನೆಯದರಲ್ಲಿ ದಾಳಿಕೋರನ ಗಣಕ ತಾನೇ ಸ್ವಿಚ್ ಎಂದು ನಟಿಸಿ, ಸಿಸ್ಕೊ ಸ್ವಿಚ್‌ಗಳ ಡಿಟಿಪಿ ಎಂಬ ಸ್ವಯಂ ಒಪ್ಪಂದದ ಮೂಲಕ ಟ್ರಂಕ್ ಪಡೆದು ಎಲ್ಲ ವಿಲ್ಯಾನ್‌ಗಳನ್ನೂ ಪ್ರವೇಶಿಸುತ್ತದೆ. ಎರಡನೆಯದರಲ್ಲಿ ಫ್ರೇಮಿಗೆ ಎರಡು ಟ್ಯಾಗ್‌ಗಳಿರುತ್ತವೆ: ಮೊದಲ ಸ್ವಿಚ್ ನೇಟಿವ್ ವಿಲ್ಯಾನ್‌ನ ಹೊರ ಟ್ಯಾಗನ್ನು ತೆಗೆದುಹಾಕಿದಾಗ ಎರಡನೆಯ ಸ್ವಿಚ್ ಒಳ ಟ್ಯಾಗನ್ನು ನಂಬಿ ಫ್ರೇಮನ್ನು ಗುರಿಯ ವಿಲ್ಯಾನ್‌ಗೆ ಕಳುಹಿಸುತ್ತದೆ. ಈ ದಾಳಿ ಏಕಮುಖವಾದದ್ದು; ಉತ್ತರ ಹಿಂದಿರುಗುವುದಿಲ್ಲ.

ಇವುಗಳನ್ನು ತಡೆಯುವ ಕ್ರಮಗಳು ಸರಳವಾಗಿವೆ: ಗಣಕಗಳಿರುವ ಎಲ್ಲ ಪೋರ್ಟ್‌ಗಳನ್ನು ಸ್ಪಷ್ಟವಾಗಿ ಆಕ್ಸೆಸ್ ಎಂದು ನಿಗದಿಪಡಿಸುವುದು, ಡಿಟಿಪಿಯನ್ನು ನಿಲ್ಲಿಸುವುದು, ಯಾವ ಗಣಕವೂ ಇಲ್ಲದ ವಿಲ್ಯಾನನ್ನು ನೇಟಿವ್ ಆಗಿ ಬಳಸುವುದು, ಬಳಕೆಯಲ್ಲಿಲ್ಲದ ಪೋರ್ಟ್‌ಗಳನ್ನು ಮುಚ್ಚುವುದು, ಸ್ವಿಚ್‌ನ ನಿರ್ವಹಣೆಗೆ ಪ್ರತ್ಯೇಕ ವಿಲ್ಯಾನ್ ಇಡುವುದು. ವಿಲ್ಯಾನ್ ಮಾಹಿತಿಯನ್ನು ಗೂಢಲಿಪೀಕರಿಸುವುದಿಲ್ಲ. ಟ್ರಂಕ್ ತಂತಿಗೆ ಪ್ರವೇಶ ಪಡೆದವರು ಎಲ್ಲ ವಿಲ್ಯಾನ್‌ಗಳ ಸಂಚಾರವನ್ನೂ ನೋಡಬಲ್ಲರು.

## ಫೈಬರ್ ಸಂಪರ್ಕಗಳಲ್ಲಿ ಬಳಕೆ

ಕೇಂದ್ರ ಸರ್ಕಾರವು 2011ರಲ್ಲಿ ಅನುಮೋದಿಸಿದ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲ ಯೋಜನೆ ನಂತರ ಭಾರತ್‌ನೆಟ್ ಎಂಬ ಹೆಸರು ಪಡೆಯಿತು. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಸಂಪರ್ಕ ಒದಗಿಸುವುದು ಇದರ ಗುರಿ. ಇದರ ಮೊದಲ ಹಂತದಲ್ಲಿ ಜಿಪಾನ್ ತಂತ್ರಜ್ಞಾನವನ್ನು ಅಳವಡಿಸಲಾಯಿತು. ಈ ತಂತ್ರಜ್ಞಾನದಲ್ಲಿ ವಿನಿಮಯ ಕೇಂದ್ರದ ಓಎಲ್‌ಟಿ ಸಾಧನದಿಂದ ಹೊರಟ ಒಂದು ಫೈಬರ್ ಹಲವು ಗ್ರಾಹಕರಿಗೆ ಕವಲೊಡೆಯುತ್ತದೆ. ಪ್ರತಿ ಗ್ರಾಹಕರ ಬಳಿಯ ಸಾಧನಕ್ಕೆ ಓಎನ್‌ಟಿ ಎಂದು ಹೆಸರು. ಒಂದೇ ಫೈಬರ್‌ನಲ್ಲಿ ಸಾಗುವ ಅಂತರಜಾಲ ಹಾಗೂ ದೂರವಾಣಿ ಸೇವೆಗಳನ್ನು ಬೇರ್ಪಡಿಸಲು ವಿಲ್ಯಾನ್ ಟ್ಯಾಗ್‌ಗಳು ಬಳಕೆಯಾಗುತ್ತವೆ.

ಬಿಎಸ್ಎನ್ಎಲ್‌ನ ಮನೆ ಫೈಬರ್ ಸೇವೆಯಲ್ಲಿಯೂ ಇದೇ ಕ್ರಮವಿದೆ. ಓಎನ್‌ಟಿಯ ಸಂರಚನೆಯಲ್ಲಿ ಅಂತರಜಾಲಕ್ಕೊಂದು, ದೂರವಾಣಿಗೊಂದು ವಿಲ್ಯಾನ್ ಸಂಖ್ಯೆ ನಮೂದಾಗಿರಬೇಕು. ಈ ಸಂಖ್ಯೆ ಎಲ್ಲ ಊರುಗಳಲ್ಲಿ ಒಂದೇ ಆಗಿರುವುದಿಲ್ಲ. ಓಎನ್‌ಟಿಯನ್ನು ಮೂಲಸ್ಥಿತಿಗೆ ಮರಳಿಸಿದಾಗ ಅಥವಾ ಹೊಸದನ್ನು ಹಾಕಿದಾಗ ಸಂಖ್ಯೆ ತಪ್ಪಿದರೆ ಫೈಬರ್ ಸಂಪರ್ಕದ ದೀಪ ಸ್ಥಿರವಾಗಿ ಉರಿದರೂ ಅಂತರಜಾಲ ಬರುವುದಿಲ್ಲ. ಒಂದು ಸೇವೆ ನಡೆಯುತ್ತಿದ್ದು ಇನ್ನೊಂದು ನಿಂತಿದ್ದರೆ ದೋಷ ಫೈಬರ್‌ನಲ್ಲಿರುವುದಕ್ಕಿಂತ ಸಂರಚನೆಯಲ್ಲಿರುವ ಸಂಭವ ಹೆಚ್ಚು. ಆದ್ದರಿಂದ ಸಾಧನವನ್ನು ಮೂಲಸ್ಥಿತಿಗೆ ಮರಳಿಸುವ ಮುನ್ನ ಈ ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳುವುದು ಉಚಿತ.

## ಮಿತಿಗಳು ಮತ್ತು ವಿಸ್ತರಣೆಗಳು

4094 ವಿಲ್ಯಾನ್‌ಗಳು ಒಂದು ಸಂಸ್ಥೆಗೆ ಸಾಕಾದರೂ ಸೇವಾದಾತರಿಗೂ ದೊಡ್ಡ ದತ್ತಾಂಶ ಕೇಂದ್ರಗಳಿಗೂ ಸಾಲುವುದಿಲ್ಲ. 802.1ಎಡಿ ಮಾನಕವು ಗ್ರಾಹಕರ ಟ್ಯಾಗ್‌ನ ಹೊರಗೆ ಸೇವಾದಾತರ ಇನ್ನೊಂದು ಟ್ಯಾಗನ್ನು ಸೇರಿಸುತ್ತದೆ. ಇದು ಕ್ಯೂ-ಇನ್-ಕ್ಯೂ ಎಂದು ಪ್ರಸಿದ್ಧ. 2014ರಲ್ಲಿ ಆರ್‌ಎಫ್‌ಸಿ 7348 ಮೂಲಕ ವಿವರಿಸಲಾದ ವಿಎಕ್ಸ್‌ಲ್ಯಾನ್ 24 ಬಿಟ್‌ಗಳ ಗುರುತಿನ ಸಂಖ್ಯೆಯನ್ನು ಬಳಸುವುದರಿಂದ ಸುಮಾರು 1.6 ಕೋಟಿ ಪ್ರತ್ಯೇಕ ಜಾಲಗಳಿಗೆ ಅವಕಾಶ ನೀಡುತ್ತದೆ.

## ಇವನ್ನೂ ನೋಡಿ

* ಈಥರ್ನೆಟ್
* ನೆಟ್‌ವರ್ಕ್ ಸ್ವಿಚ್
* ಓಎಸ್‌ಐ ಮಾದರಿ
* ಐಪಿ ವಿಳಾಸ
* ಭಾರತ್‌ನೆಟ್